ಆಲ್‌ಫ್ರಿಸ್ಟನ್ ಗ್ರಾಮದ ಮರದ ಮನೆ

ಆಂಗ್ಲಕವಿ ಛಾಸರನು ಕ್ಯಾಂಟರ್‌ಬರಿ ಕಥೆಗಳಲ್ಲೊಂದರಲ್ಲಿ ಬಡ ವಿಧವೆಯೊಬ್ಬಳ ಮನೆಯನ್ನು ವರ್ಣಿಸುತ್ತ, ಅವಳ 'ಹಾಲ್' ಮಸಿಹಿಡಿದಿತ್ತೆಂದು ಹೇಳುತ್ತಾನೆ. ಈ ಶಬ್ದಕ್ಕೆ ಹಜಾರವೆಂದು ಅರ್ಥ ಹೇಳಿ ಮುಂದೆ ಸಾಗಿದರೆ ಮಸಿಯ ಕಾರಣವು ವಿದ್ಯಾರ್ಥಿಗೆ ತಿಳಿಯದು. ಅದನ್ನರಿಯಲು ಸಸೆಕ್ಸ್ ಪ್ರಾಂತದ ಆಲ್‌ಫ್ರಿಸ್ಟನ್ ಗ್ರಾಮದಲ್ಲಿ ಇಂದಿಗೂ ನಿಂತಿರುವ, 'ಕ್ಲರ್ಜಿ ಹೌಸ್' ಎಂಬ 14ನೆಯ ಶತಮಾನದ ಮನೆಯನ್ನು ಪರಿಶೀಲಿಸುವುದು ಒಳ್ಳೆಯದು.

ಇಂತಹ ಮನೆಗಳಲ್ಲಿ ಭಾರವನ್ನು ಹೊರುವುದು ಗೋಡೆಯಲ್ಲ, ಓಕ್ ಮರದ ಚೌಕಟ್ಟು. ಬಡಗಿಯು ಹಸಿಮರವನ್ನೇ ಕೊಯ್ದು, ಒಂದು ತೊಲೆಯ ತುದಿಯನ್ನು ಮತ್ತೊಂದರ ಕುಳಿಗೆ ಸೇರಿಸಿ, ಮರದ ಗೂಟವನ್ನು ಬಡಿಯುತ್ತಿದ್ದನು. ಮರವು ಒಣಗಿದಂತೆಲ್ಲ ಬಾಗುತ್ತಿದ್ದುದರಿಂದ ಹಳೆಯ ಮನೆಗಳ ಗೆರೆಗಳು ನೆಟ್ಟಗಿರುವುದಿಲ್ಲ; ಇದು ಕೆಲಸಗಾರನ ಅಜ್ಞಾನವಲ್ಲ. ಕಂಬಗಳ ನಡುವಣ ತೆರಪನ್ನು ತಡಿಕೆ ಹೆಣೆದು ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಆಲ್‌ಫ್ರಿಸ್ಟನ್ನಿನ ಮನೆಗೆ ಹುಲ್ಲಿನ ಮಾಡು.

ನಡುವಣ ಹಾಲಿಗೆ ಮಹಡಿಯಿಲ್ಲ. ನೆಲದಿಂದ ಮಾಡಿನವರೆಗೂ ಒಂದೇ ಬಯಲು. ಹೊಗೆಗೂಡು ಬಳಕೆಗೆ ಬರುವ ಮುನ್ನ ಬೆಂಕಿಯು ನೆಲದ ಮೇಲೆಯೇ ಉರಿಯುತ್ತ, ಹೊಗೆಯು ಮೇಲೇರಿ ಮಾಡಿನ ಸಂದುಗಳಿಂದ ಹೊರಬೀಳುತ್ತಿತ್ತು. ಛಾಸರನ ಮಸಿ ಇದೇ. ಮಾಡಿನ ಮರಗಳ ಮೇಲಿನ ಮಸಿಯನ್ನು ಕಂಡೇ ವಿದ್ವಾಂಸರು, ಮುಂದೆ ಮಹಡಿ ಹಾಕಿದ ಮನೆಗಳಲ್ಲಿಯೂ, ಮೊದಲಿನ ತೆರೆದ ಹಾಲನ್ನು ಗುರುತಿಸುತ್ತಾರೆ. ಅದರ ಎರಡು ಕಡೆಗೂ ಮಹಡಿಯುಳ್ಳ ಕೋಣೆಗಳು. ಕೆಂಟ್ ಮತ್ತು ಸಸೆಕ್ಸ್ ಸೀಮೆಯ ಈ ಜಾತಿಯ ಮನೆಗಳಲ್ಲಿ ಆ ಮಹಡಿಗಳು ಮುಂದಕ್ಕೆ ಚಾಚಿಕೊಂಡಿರುವುವು. ನಡುವಣ ಗೋಡೆ ಹಿಂದೆಯೇ ಉಳಿಯುವುದು. ಆದರೆ ಸೂರು ಒಂದೇ ಸಾಲಿನಲ್ಲಿ ಸಾಗುವುದರಿಂದ ಹಾಲಿನ ಮುಂದೆ ಸೂರಿನ ತೊಲೆಗೆ ಕೆಳಗೆ ಆಧಾರವಿಲ್ಲ. ಇಕ್ಕೆಲದ ಬಾಗಿದ ಮರಗಳು ಅದನ್ನು ಆನುತ್ತವೆ. ಬೀದಿಯಲ್ಲಿ ನಿಂತವನೂ ಒಳಗಿನ ವಿಭಾಗವನ್ನು ಹೀಗೆ ಓದಬಹುದು.

19ನೆಯ ಶತಮಾನದ ಕೊನೆಗೆ ಈ ಮನೆಯು ಕುಸಿಯುವ ಸ್ಥಿತಿಗೆ ಬಂದಿತ್ತು. 1895ರಲ್ಲಿ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್ 1896ರಲ್ಲಿ ಇದನ್ನು 10 ಪೌಂಡುಗಳಿಗೆ ಕೊಂಡಿತು. ಆ ಸಂಸ್ಥೆಯ ಕೈಸೇರಿದ ಮೊದಲ ಕಟ್ಟಡವಿದು. ಕ್ರಯವು ಅಲ್ಪ, ದುರಸ್ತಿಯ ಹೊರೆ ಅಲ್ಪವಲ್ಲ. ದುರಸ್ತಿ ಬೇರೆ, ಹೊಸದಾಗಿಸುವುದು ಬೇರೆ. ಜೀರ್ಣವಾದ ತೊಲೆಯನ್ನು ಕಿತ್ತು ಹೊಸದನ್ನಿಟ್ಟರೆ ಆಕಾರವೇನೋ ಉಳಿದೀತು, ಆದರೆ ಮಸಿಯೂ ಬಡಗಿಯ ಉಳಿಯ ಗುರುತೂ ಅದರೊಡನೆ ಹೋಗುತ್ತವೆ. ಹಾಲಿನ ನೆಲವೂ ಹಳೆಯ ಪದ್ಧತಿಯದೇ: ಸೀಮೆಸುಣ್ಣದ ಕಲ್ಲನ್ನು ಕುಟ್ಟಿ ಹಾಸಿ, ಹುಳಿಹಾಲು ಸುರಿದು ಗಟ್ಟಿಮಾಡಿದ್ದು.