ಬರ್ಕ್–ವಿಲ್ಸ್ ಯಾತ್ರೆ: ಆಸ್ಟ್ರೇಲಿಯಾದ ಒಡಲಿನಲ್ಲಿ ನಡೆದ ದುರಂತ

1860ರ ಹೊತ್ತಿಗೆ ಆಸ್ಟ್ರೇಲಿಯಾದ ಕರಾವಳಿಯ ನಕ್ಷೆ ಬಹುಮಟ್ಟಿಗೆ ಸಿದ್ಧವಾಗಿತ್ತು. ಒಳನಾಡು ಮಾತ್ರ ಯುರೋಪಿಯನ್ನರಿಗೆ ಅಪರಿಚಿತವಾಗಿಯೇ ಉಳಿದಿತ್ತು. ಚಿನ್ನದ ಗಣಿಗಳಿಂದ ಸಿರಿವಂತವಾಗಿದ್ದ ವಿಕ್ಟೋರಿಯಾ ವಸಾಹತು, ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿದ ಕೀರ್ತಿ ತನಗೇ ಸಲ್ಲಬೇಕೆಂದು ಬಯಸಿತು. ಅಲ್ಲಿನ ರಾಯಲ್ ಸೊಸೈಟಿ ದೊಡ್ಡದೊಂದು ತಂಡವನ್ನು ಸಜ್ಜುಗೊಳಿಸಿತು. ಐರ್ಲೆಂಡಿನ ಪೊಲೀಸ್ ಅಧಿಕಾರಿ ರಾಬರ್ಟ್ ಒ'ಹಾರಾ ಬರ್ಕ್ ಅದರ ನಾಯಕ. ಒಳನಾಡಿನ ಅನ್ವೇಷಣೆಯಲ್ಲಿ ಅವನಿಗೆ ಅನುಭವವಿರಲಿಲ್ಲ. ವಿಲಿಯಂ ಜಾನ್ ವಿಲ್ಸ್ ಮೋಜಣಿಗಾರ.

ಮರುಭೂಮಿಯ ದಾರಿಗೆಂದು ಭಾರತದಿಂದ 24 ಒಂಟೆಗಳನ್ನು ತರಿಸಲಾಗಿತ್ತು. ಅವುಗಳನ್ನು ನೋಡಿಕೊಳ್ಳಲು ಉಪಖಂಡದ ಒಂಟೆ ಸವಾರರೂ ಹಡಗಿನಲ್ಲಿ ಬಂದಿದ್ದರು. 1860ರ ಆಗಸ್ಟ್ 20ರಂದು ಸಾವಿರಾರು ಜನರ ಜಯಘೋಷದ ನಡುವೆ ತಂಡ ಮೆಲ್ಬರ್ನ್‌ನಿಂದ ಹೊರಟಿತು. ಸಾಮಾನಿನ ತೂಕವೇ ಸುಮಾರು 20 ಟನ್. ಹಾಗಾಗಿ ನಡಿಗೆ ನಿಧಾನವಾಯಿತು. ಬೇರೆ ವಸಾಹತಿನ ಅನ್ವೇಷಕರು ತನ್ನನ್ನು ಹಿಂದಿಕ್ಕಿಯಾರೆಂಬ ಆತಂಕದಿಂದ ಬರ್ಕ್, ಜನರನ್ನೂ ಸಾಮಗ್ರಿಯನ್ನೂ ಹಿಂದೆ ಬಿಟ್ಟು ಮುನ್ನುಗ್ಗಿದ. ನವೆಂಬರ್‌ನಲ್ಲಿ ಕೂಪರ್ ಕ್ರೀಕ್ ತಲುಪಿ ಅಲ್ಲಿ ಬಿಡಾರ ಹಾಕಿದ.

ಡಿಸೆಂಬರ್ 16ರಂದು ಬರ್ಕ್, ವಿಲ್ಸ್, ಜಾನ್ ಕಿಂಗ್ ಮತ್ತು ಚಾರ್ಲ್ಸ್ ಗ್ರೇ ಆರು ಒಂಟೆ, ಒಂದು ಕುದುರೆಯೊಂದಿಗೆ ಉತ್ತರಕ್ಕೆ ಹೊರಟರು. ಅದು ಅಲ್ಲಿ ಕಡುಬೇಸಿಗೆಯ ಕಾಲ. ವಿಲಿಯಂ ಬ್ರಾಹೆ ಉಳಿದವರೊಂದಿಗೆ ಬಿಡಾರದಲ್ಲಿ ಮೂರು ತಿಂಗಳು ಕಾಯಬೇಕೆಂದು ಮಾತಾಗಿತ್ತು. 1861ರ ಫೆಬ್ರವರಿಯಲ್ಲಿ ನಾಲ್ವರೂ ಕಾರ್ಪೆಂಟೇರಿಯಾ ಕೊಲ್ಲಿಯ ಅಂಚು ಮುಟ್ಟಿದರು. ಉಬ್ಬರವಿಳಿತದ ಉಪ್ಪುನೀರು ಸಿಕ್ಕಿತು. ಕಾಂಡ್ಲಾ ಕಾಡು, ಕೆಸರು ಅಡ್ಡವಾಗಿ ಕಡಲು ಕಣ್ಣಿಗೆ ಬೀಳಲಿಲ್ಲ.

ಮರಳುವ ದಾರಿಯಲ್ಲಿ ಆಹಾರ ಮುಗಿಯುತ್ತ ಬಂತು. ಏಪ್ರಿಲ್ 17ರಂದು ಗ್ರೇ ತೀರಿಕೊಂಡ. ನಿತ್ರಾಣರಾಗಿದ್ದ ಉಳಿದ ಮೂವರಿಗೆ ಅವನನ್ನು ಮಣ್ಣು ಮಾಡುವುದರಲ್ಲಿ ಒಂದು ದಿನ ಕಳೆಯಿತು. ಏಪ್ರಿಲ್ 21ರ ಸಂಜೆ ಬಿಡಾರ ತಲುಪಿದಾಗ ಅಲ್ಲಿ ಯಾರೂ ಇರಲಿಲ್ಲ. ನಾಲ್ಕು ತಿಂಗಳಿಗೂ ಹೆಚ್ಚು ಕಾದಿದ್ದ ಬ್ರಾಹೆ ಅದೇ ದಿನ ಬೆಳಗ್ಗೆ ಹೊರಟುಹೋಗಿದ್ದ. ಅಗೆದು ನೋಡಿ ಎಂದು ಮರದ ಮೇಲೆ ಕೆತ್ತಿದ್ದ ಗುರುತನ್ನು ಕಂಡು ಅಗೆದಾಗ ಸ್ವಲ್ಪ ಆಹಾರವೂ ಒಂದು ಪತ್ರವೂ ಸಿಕ್ಕವು. ಪತ್ರ ಬರೆದು ಅಲ್ಲೇ ಹೂತ ಮೂವರು, ಮರದ ಮೇಲೆ ಹೊಸ ಗುರುತು ಮಾಡದೆ ನೈರುತ್ಯಕ್ಕೆ ಹೊರಟರು. ಮೇ ತಿಂಗಳಲ್ಲಿ ಬ್ರಾಹೆ ಮತ್ತೆ ಅಲ್ಲಿಗೆ ಬಂದನಾದರೂ ಯಾರೂ ಬಂದುಹೋದ ಸುಳಿವು ಕಾಣದೆ ಹಿಂದಿರುಗಿದ.

ಅಲ್ಲಿನ ಮೂಲನಿವಾಸಿಗಳಾದ ಯಾಂಡ್ರುವಾಂಡ ಜನ ಆ ಮೂವರು ಅನ್ವೇಷಕರಿಗೆ ಮೀನು ಕೊಟ್ಟರು, ನರ್ಡೂ ರೊಟ್ಟಿ ತಿನ್ನಿಸಿದರು. ನರ್ಡೂ ಎಂದರೆ ನೀರಿನಲ್ಲಿ ಬೆಳೆಯುವ ನಾಲ್ಕೆಲೆಯ ಜರೀಗಿಡ. ಅದರ ಗಟ್ಟಿ ಬೀಜಕಕೋಶಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಯಾಂಡ್ರುವಾಂಡರು ಅವನ್ನು ಹುರಿದು, ನೀರು ಹಾಕಿ ಅರೆದು, ತಮ್ಮದೇ ಕ್ರಮದಲ್ಲಿ ಹದಗೊಳಿಸುತ್ತಿದ್ದರು. ಅನ್ವೇಷಕರು ಆ ಕ್ರಮವನ್ನು ಕಲಿಯದೆ ಬೀಸಿಕೊಂಡು ತಿಂದರು. ಹೊಟ್ಟೆ ತುಂಬಿದರೂ ಮೈಯಲ್ಲಿ ಶಕ್ತಿ ಉಳಿಯುತ್ತಿಲ್ಲವೆಂದು ವಿಲ್ಸ್ ದಿನಚರಿಯಲ್ಲಿ ದಾಖಲಿಸಿದ್ದಾನೆ. ಅದು ಬೆರಿಬೆರಿ ರೋಗದ ಲಕ್ಷಣವೆಂದು ಈಚಿನ ಸಂಶೋಧಕರು ಅಭಿಪ್ರಾಯಪಡುತ್ತಾರೆ. ನೆರವಿಗೆ ಬಂದವರನ್ನು ನಂಬದ ಬರ್ಕ್ ಗುಂಡಿನ ಬೆದರಿಕೆ ಒಡ್ಡಿದಾಗ ಅವರು ದೂರ ಸರಿದರು.

ಜೂನ್ ಕೊನೆಯ ಹೊತ್ತಿಗೆ ವಿಲ್ಸ್, ಬರ್ಕ್ ಇಬ್ಬರೂ ಸತ್ತರು. ಕಿಂಗ್ ಯಾಂಡ್ರುವಾಂಡರ ಆಶ್ರಯ ಸೇರಿ ಅವರ ಆರೈಕೆಯಲ್ಲಿ ಉಳಿದುಕೊಂಡ. ಸೆಪ್ಟೆಂಬರ್‌ನಲ್ಲಿ ಆಲ್ಫ್ರೆಡ್ ಹೋವಿಟ್‌ನ ಶೋಧತಂಡ ಅವನನ್ನು ಪತ್ತೆಹಚ್ಚಿತು. ಒಟ್ಟಾರೆ ಈ ಯಾತ್ರೆ ಏಳು ಜೀವಗಳನ್ನು ಬಲಿ ತೆಗೆದುಕೊಂಡಿತು.

ಕಾಣೆಯಾದವರನ್ನು ಹುಡುಕಲು ಹೊರಟ ತಂಡಗಳೇ ಮುಂದೆ ಒಳನಾಡಿನ ಬಹುಭಾಗವನ್ನು ನಕ್ಷೆಗೆ ತಂದವು. ಮೂಲನಿವಾಸಿ ಮಾರ್ಗದರ್ಶಿಗಳನ್ನು ಜೊತೆಗಿಟ್ಟುಕೊಂಡ ವಿಲಿಯಂ ಲ್ಯಾಂಡ್ಸ್‌ಬರೋ ಕೊಲ್ಲಿಯಿಂದ ಮೆಲ್ಬರ್ನ್‌ವರೆಗೆ ಕ್ಷೇಮವಾಗಿ ಬಂದ. ಕೂಪರ್ ಕ್ರೀಕ್‌ನಿಂದ ಉತ್ತರಕ್ಕೆ ಹೋದ ನಾಲ್ವರ ಜೊತೆ ಅಂಥ ಒಬ್ಬನೂ ಇರಲಿಲ್ಲ. 1863ರಲ್ಲಿ ಬರ್ಕ್, ವಿಲ್ಸ್‌ರಿಗೆ ಮೆಲ್ಬರ್ನ್‌ನಲ್ಲಿ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಯಿತು. ಅವರು ಸತ್ತ ನೆಲದಲ್ಲಿ ಯಾಂಡ್ರುವಾಂಡರು ತಲೆತಲಾಂತರದಿಂದ ಬಾಳುತ್ತಿದ್ದರು. ಯಾಂಡ್ರುವಾಂಡರ ತಿಳಿವಳಿಕೆಗೆ ತಲೆಬಾಗಿದ್ದರೆ ಅವರಿಬ್ಬರೂ ಬದುಕಿ ಮರಳುವ ಸಾಧ್ಯತೆ ಖಂಡಿತ ಇತ್ತು.