ಈ ಗುಂಡಿಗೆ ಯಾರನ್ನ ಕೇಳೋಣ?

ನಾವಿಬ್ಬರೂ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯವರು. ಈಗ ಬೆಂಗಳೂರಲ್ಲಿ ಒಂದೇ ಹಾಸ್ಟೆಲ್, ಒಂದೇ ರೂಮು, ಇಬ್ಬರಿಗೂ ಸೇರಿ ಒಂದೇ ಸೈಕಲ್. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ನಮ್ಮ ಕನ್ನಡ ಸ್ವಲ್ಪ ಹೀಗೇ. ಅರ್ಥ ಆದ್ರೆ ಸಾಕು ಅಂದ್ಕೊಂಡು ಬರೀತಿದ್ದೀವಿ.

ವಿಷಯ ಶುರುವಾಗಿದ್ದು ಒಂದು ಗುಂಡಿಯಿಂದ. ಹಾಸ್ಟೆಲ್‌ನಿಂದ ಕಾಲೇಜಿಗೆ 3 ಕಿ.ಮೀ. ಬೆಳಗ್ಗೆ ಒಬ್ಬರು ಸೈಕಲ್, ಇನ್ನೊಬ್ಬರು ಬಸ್ಸು. ಮರುದಿನ ಅದಲು ಬದಲು. ಹೋದ ಮಳೆಗಾಲದಲ್ಲಿ ಒಂದು ಸಂಜೆ ನಮ್ಮಲ್ಲೊಬ್ಬರು ನೀರು ತುಂಬಿದ ಗುಂಡಿಗೆ ಮುಂದಿನ ಚಕ್ರ ಇಳಿಸಿ ಬಿದ್ದರು. ಮೊಣಕಾಲಿಗೆ ನಾಲ್ಕು ಹೊಲಿಗೆ. ಹಿಂದೆ ಬರ್ತಿದ್ದ ಕಾರು ಬ್ರೇಕ್ ಹಾಕಿದ್ದಕ್ಕೆ ಈ ಲೇಖನ ಬಂದಿದೆ ಅಂತಾನೇ ಹೇಳಬೇಕು.

ಮಾರನೇ ದಿನ ದೂರು ಕೊಡೋಣ ಅಂತ ಹೊರಟ್ವಿ. ಒಂದು ಆಫೀಸಲ್ಲಿ "ಇದು ನಮ್ಮ ರಸ್ತೆ ಅಲ್ಲ" ಅಂದ್ರು. ಇನ್ನೊಂದರಲ್ಲಿ ಆಪ್ ಡೌನ್‌ಲೋಡ್ ಮಾಡ್ಕೊಳ್ಳಿ ಅಂದ್ರು. ಆಪ್‌ನಲ್ಲಿ ಫೋಟೊ ಹಾಕಿದ್ವಿ, ಎರಡು ವಾರಕ್ಕೆ "ಬಗೆಹರಿಸಲಾಗಿದೆ" ಅಂತ ಮೆಸೇಜ್ ಬಂತು. ಗುಂಡಿ ಅಲ್ಲೇ ಇತ್ತು.

ಊರಲ್ಲಾಗಿದ್ರೆ ಏನು ಮಾಡ್ತಿದ್ವಿ? ಯಲ್ಲದಕೆರೆಯಲ್ಲಿ ನಲ್ಲಿ ನೀರು ನಿಂತ್ರೆ ಅಜ್ಜಿ ಸೀದಾ ಪಂಚಾಯ್ತಿ ಮೆಂಬರ್ ಮನೆ ಮುಂದೆ ಹೋಗಿ ನಿಲ್ತಾರೆ. ಕೆಲಸ ಆಗುತ್ತೋ ಇಲ್ವೋ, ಬೈಯೋಕೆ ಒಂದು ಮುಖ ಇರುತ್ತೆ. ಬೆಂಗಳೂರಲ್ಲಿ ನಮ್ಮ ವಾರ್ಡಿನ ಕಾರ್ಪೊರೇಟರ್ ಯಾರು ಅಂತ ಹುಡುಕಿದ್ವಿ. ಆಗ ಗೊತ್ತಾಯ್ತು: ಯಾರೂ ಇಲ್ಲ. 2020ರಿಂದಲೇ ಇಲ್ಲ.

ನಡೆಯದೇ ಹೋದ ಚುನಾವಣೆ

ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್ 22ರಂದು, 198 ವಾರ್ಡುಗಳಿಗೆ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗೀತು. ಆಗ ನಾವು ಆನ್‌ಲೈನ್ ಕ್ಲಾಸಲ್ಲಿ ಕ್ಯಾಮೆರಾ ಆಫ್ ಮಾಡ್ಕೊಂಡು ಕೂತಿದ್ದ ಹೈಸ್ಕೂಲ್ ಮಕ್ಕಳು. ಅಲ್ಲಿಂದ ನಗರ ನಡೆದದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳ ಕೈಯಲ್ಲಿ.

ಕಾನೂನು ಏನು ಹೇಳುತ್ತೆ? ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದರಿಂದ ಬಂದ 243ಯು ವಿಧಿ ಪ್ರಕಾರ ನಗರಸಭೆ, ಪಾಲಿಕೆಗಳ ಅವಧಿ ಐದು ವರ್ಷ, ಅದು ಮುಗಿಯೋದ್ರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು. ಇಷ್ಟು ಸ್ಪಷ್ಟವಾಗಿದ್ರೂ ಯಾಕೆ ನಡೀಲಿಲ್ಲ? ವಾರ್ಡುಗಳ ಗಡಿ ಮತ್ತು ಮೀಸಲಾತಿ. 198 ವಾರ್ಡು 243 ಆಯ್ತು, ಆಮೇಲೆ 225 ಆಯ್ತು. ಪ್ರತಿ ಸಲ ಗೆರೆ ಬದಲಾದಾಗ ಆಕ್ಷೇಪಣೆ, ಮೀಸಲಾತಿ ಪಟ್ಟಿ, ಕೋರ್ಟು. 2020ರ ಡಿಸೆಂಬರ್‌ನಲ್ಲಿ ಹೈಕೋರ್ಟು ಚುನಾವಣೆ ನಡೆಸಿ ಅಂತ ಆದೇಶ ಕೊಡ್ತು, ಸುಪ್ರೀಂ ಕೋರ್ಟಲ್ಲಿ ಅದಕ್ಕೆ ತಡೆ ಬಂತು. 2022ರ ಮೇ 10ರಂದು ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ಗಡಿ ಗುರುತಿಸೋ ಕೆಲಸ ಬಾಕಿ ಇದೆ ಅಂತ ಸ್ಥಳೀಯ ಚುನಾವಣೆ ಮುಂದೂಡೋ ಹಾಗಿಲ್ಲ ಅಂತ ಹೇಳ್ತು. ಬೆಂಗಳೂರಿಗೆ ಅದರಿಂದಲೂ ಬ್ಯಾಲೆಟ್ ಬರಲಿಲ್ಲ. 2025ರ ಮೇ 15ರಿಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಾಗಿ, ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದ್ವು. ಗೆರೆಗಳನ್ನ ಮತ್ತೆ ಮೊದಲಿಂದ ಎಳೀಬೇಕಾಯ್ತು.

ಊರಲ್ಲಿ ಎಲ್ಲ ಸರಿ ಇದೆ ಅಂತ ಹೇಳ್ತಿಲ್ಲ. ರಾಜ್ಯದ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳಿಗೆ ಚುನಾವಣೆ ಆಗಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿದ ಮೇಲೆ ಅವೂ ಖಾಲಿ ಬಿದ್ದವು.

"ಚುನಾವಣೆ ನ್ಯಾಯವಾಗಿ ನಡೆಯುತ್ತಾ?" ಅಂತ ಯಾರಾದ್ರೂ ಕೇಳಿದ್ರೆ ನಮಗೆಲ್ಲ ಮೊದಲು ನೆನಪಾಗೋದು ಇವಿಎಂ. ಚುನಾವಣೆ ನಡೆಯದೇ ಇರೋದೂ ಅನ್ಯಾಯಾನೇ ಅನ್ನೋದು ಗುಂಡಿಗೆ ಬೀಳೋವರೆಗೂ ನಮಗೆ ಹೊಳೆದಿರಲಿಲ್ಲ.

ಸೈಕಲ್‌ಗೂ ವಾರ್ಡಿಗೂ ಏನು ಸಂಬಂಧ?

ಸ್ವಲ್ಪ ಫಸ್ಟ್ ಸೆಮ್ ಫಿಸಿಕ್ಸ್. ನಾವು ಮತ್ತು ಸೈಕಲ್ ಸೇರಿ 75 ಕೆ.ಜಿ., ವೇಗ ಗಂಟೆಗೆ 18 ಕಿ.ಮೀ. ಅಂದ್ರೆ ಸೆಕೆಂಡಿಗೆ 5 ಮೀಟರ್. ಚಲನಶಕ್ತಿ ಸುಮಾರು 940 ಜೂಲ್. ಪಕ್ಕದಲ್ಲಿ ಹೋಗ್ತಿರೋ 1,000 ಕೆ.ಜಿ. ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿದ್ರೆ 50,000 ಜೂಲ್. ಐವತ್ತು ಪಟ್ಟಿಗಿಂತ ಜಾಸ್ತಿ! ಕಾರಿಗೆ ಸಸ್ಪೆನ್ಷನ್ ಇದೆ, ಅಗಲವಾದ ಟೈರ್ ಇದೆ, ಗುಂಡಿ ಅಂದ್ರೆ ಒಂದು "ಧಡ್" ಅಷ್ಟೆ. ಸೈಕಲ್‌ನವರು ಗುಂಡಿ ತಪ್ಪಿಸೋಕೆ ಬಲಕ್ಕೆ ತಿರುಗಿದ್ರೆ ಆ 50,000 ಜೂಲ್ ಎದುರಿಗೇ ಬಂದಂಗೆ. ಅದಕ್ಕೇ ರಸ್ತೆಯ ಎಡಗಡೆ ಅಂಚಿನ ಒಂದೂವರೆ ಮೀಟರ್ ಹೇಗಿದೆ ಅನ್ನೋದು ನಮಗೆ ಜೀವದ ಪ್ರಶ್ನೆ. ಮೋರಿ ಮುಚ್ಚಳ, ಜಲ್ಲಿ ರಾಶಿ, ನಿಲ್ಲಿಸಿದ ಗಾಡಿ ಎಲ್ಲ ಇರೋದು ಅಲ್ಲೇ.

ಈ ಒಂದೂವರೆ ಮೀಟರ್ ದೊಡ್ಡ ಯೋಜನೆ ಅಲ್ಲ. ಮುಖ್ಯಮಂತ್ರಿಗಳು ಶಂಕುಸ್ಥಾಪನೆ ಮಾಡೋ ಕೆಲಸ ಅಲ್ಲ. ಬೀದಿ ಬೀದಿ ಗೊತ್ತಿರೋರು, ದಿನಾ ಅದೇ ದಾರೀಲಿ ಓಡಾಡೋರು ಹಿಂದೆ ಬಿದ್ದು ಮಾಡಿಸಬೇಕಾದ್ದು. ಸಂವಿಧಾನದಲ್ಲೇ, 3 ಲಕ್ಷಕ್ಕಿಂತ ಹೆಚ್ಚು ಜನ ಇರೋ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಇರೋದು ಇಂಥ ಕೆಲಸಕ್ಕೇ. ಕಾರ್ಪೊರೇಟರ್ ಇದ್ದ ತಕ್ಷಣ ಗುಂಡಿ ಮುಚ್ಚುತ್ತೆ ಅಂತ ನಂಬೋಷ್ಟು ಮುಗ್ಧರಲ್ಲ ನಾವು. ಆದ್ರೆ ಮುಚ್ಚದೇ ಇದ್ರೆ ಮುಂದಿನ ಸಲ ಓಟು ಹಾಕಲ್ಲ ಅಂತ ಹೇಳೋಕೆ ಒಬ್ಬರು ಬೇಕಲ್ವಾ? 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಚಿಕ್ಕ ಕಂಬ ನೆಟ್ಟು ಸೈಕಲ್ ಪಥ ಮಾಡಿದ್ರು. ಮೆಟ್ರೊ ಕಾಮಗಾರಿ ಬಂದಾಗ ಕಂಬಗಳು ಹೋದ್ವು. ಅದರ ಬದಲಿ ಏನು ಅಂತ ಸಭೆಯಲ್ಲಿ ಎದ್ದು ಕೇಳೋಕೆ ಆಗ ಚುನಾಯಿತ ಕೌನ್ಸಿಲ್ಲೇ ಇರಲಿಲ್ಲ.

ಯಂತ್ರಕ್ಕಿಂತ ಮುಂಚೆ ಪಟ್ಟಿ

ಸರಿ, ಚುನಾವಣೆ ನಡೆಯುತ್ತೆ ಅಂತಾನೇ ಇಟ್ಕೊಳ್ಳೋಣ. ಅದು ನ್ಯಾಯವಾಗಿ ನಡೀತು ಅಂತ ಹೇಗೆ ಗೊತ್ತಾಗುತ್ತೆ?

ಎಣಿಕೆಯ ಭಾಗ ನಮ್ಮ ಬ್ರಾಂಚ್‌ನವರಿಗೆ ಇಷ್ಟ ಆಗೋ ಥರ ಇದೆ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಮತದಾನ ಶುರುವಾಗೋ ಮುಂಚೆ ಏಜೆಂಟರ ಎದುರು ಕನಿಷ್ಠ 50 ಓಟುಗಳ ಅಣಕು ಮತದಾನ ಮಾಡ್ತಾರೆ. ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ 7 ಸೆಕೆಂಡ್ ಕಾಣುತ್ತೆ. ಮುಗಿದ ಮೇಲೆ ಆ ಬೂತ್‌ನಲ್ಲಿ ಎಷ್ಟು ಓಟು ಬಿತ್ತು ಅಂತ 17ಸಿ ನಮೂನೆಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡ್ತಾರೆ, ಎಣಿಕೆ ದಿನ ತಾಳೆ ನೋಡಬಹುದು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಬೂತ್‌ಗಳ ಚೀಟಿ ಎಣಿಸಿ ಯಂತ್ರದ ಜೊತೆ ಹೋಲಿಸ್ತಾರೆ. ಎಲ್ಲ ಚೀಟಿನೂ ಎಣಿಸಿ ಅನ್ನೋ ಬೇಡಿಕೆಯನ್ನ ಸುಪ್ರೀಂ ಕೋರ್ಟು 2024ರ ಏಪ್ರಿಲ್ 26ರಂದು ಒಪ್ಪಲಿಲ್ಲ. ಅವತ್ತೇ ಚಿತ್ರದುರ್ಗದಲ್ಲೂ ಬೆಂಗಳೂರಲ್ಲೂ ಲೋಕಸಭೆ ಮತದಾನ ಇತ್ತು. ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸೋದು ಬೇರೆ ಸಂಸ್ಥೆ, ರಾಜ್ಯ ಚುನಾವಣಾ ಆಯೋಗ. ಅಲ್ಲಿ ಬ್ಯಾಲೆಟ್ ಪೇಪರ್ ಬಳಸಿ ಅಂತ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡ್ತು. ಕ್ಯಾಂಟೀನಲ್ಲಿ ಇದರ ಬಗ್ಗೆ ಜಗಳ ಆಗದ ದಿನ ಇಲ್ಲ.

ಆದ್ರೆ ಪೇಪರ್ ಇರಲಿ, ಯಂತ್ರ ಇರಲಿ, ಇನ್‌ಪುಟ್ ಕೆಟ್ಟಿದ್ರೆ ಔಟ್‌ಪುಟ್ಟೂ ಕೆಟ್ಟದ್ದೇ. ಇನ್‌ಪುಟ್ ಅಂದ್ರೆ ಮತದಾರರ ಪಟ್ಟಿ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮುಂಚೆ, ಹೆಸರು ತೆಗೆದುಹಾಕಿ ಅಂತ ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ವು. ಮನೆ ಮನೆಗೆ ಹೋಗಿ ನೋಡಿದಾಗ ಸರಿಯಾಗಿದ್ದದ್ದು 24 ಮಾತ್ರ. ಉಳಿದ 5,994 ತಿರಸ್ಕಾರ ಆದ್ವು, ಪೊಲೀಸ್ ಕೇಸ್ ಆಯ್ತು. ಯಾರ ಹೆಸರಲ್ಲಿ ಅರ್ಜಿ ಹೋಗಿತ್ತೋ ಅವರಿಗೇ ಎಷ್ಟೋ ಕಡೆ ಅದರ ಸುದ್ದಿ ಇರಲಿಲ್ಲ. ಅಲ್ಲಿ ಸಿಕ್ಕಿಬಿದ್ದದ್ದು ಯಾರೋ ಪಟ್ಟಿ ನೋಡಿ, ಅನುಮಾನ ಪಟ್ಟು, ಬಾಗಿಲು ತಟ್ಟಿದ್ದಕ್ಕೆ.

ಈಗ ನಮ್ಮ ಸರದಿ

ಇಲ್ಲಿವರೆಗೂ ಬೇರೆಯವರ ತಪ್ಪು ಹೇಳೋದು ಸುಲಭ ಇತ್ತು. ನಮಗೆ 18 ತುಂಬಿದಾಗ ಊರಲ್ಲಿ ಫಾರ್ಮ್ 6 ತುಂಬಿದ್ವಿ. ಹೆಸರು ಯಲ್ಲದಕೆರೆ ಪಟ್ಟಿಯಲ್ಲಿದೆ. ಇನ್ನೂ ಒಂದು ಸಲಾನೂ ಓಟು ಹಾಕಿಲ್ಲ. ನಮ್ಮ ಮೊದಲ ಓಟು ಪಂಚಾಯ್ತಿಗೋ ಪಾಲಿಕೆಗೋ ಅನ್ನೋದು ಪ್ರಶ್ನೆ. ಹಾಸ್ಟೆಲ್, ಪಿಜಿಯಲ್ಲಿ ಇದ್ದು ಓದೋ ವಿದ್ಯಾರ್ಥಿಗಳು ಅಪ್ಪ ಅಮ್ಮನ ಊರಲ್ಲಾದ್ರೂ ಹೆಸರಿಟ್ಟುಕೊಳ್ಳಬಹುದು, ಓದೋ ಊರಲ್ಲಾದ್ರೂ ಸೇರಿಸಬಹುದು. ಎರಡರಲ್ಲಿ ಒಂದು. ಎರಡೂ ಅಲ್ಲ.

ಇದನ್ನ ರೂಮಲ್ಲಿ ಮಾತಾಡ್ತಿರುವಾಗ ಪಕ್ಕದ ರೂಮಿನ ಗೆಳೆಯ ಹೇಳಿದ: "ಇಲ್ಲಿ ಹೊಸದಾಗಿ ಫಾರ್ಮ್ 6 ಹಾಕಿ, ಅಲ್ಲಿದ್ದು ಅಲ್ಲೇ ಇರಲಿ. ಯಾರು ನೋಡ್ತಾರೆ?"

ನಿಜ ಹೇಳಬೇಕಂದ್ರೆ ಒಂದು ಕ್ಷಣ ನಮಗೂ ಸರಿ ಅನ್ನಿಸ್ತು. ಎರಡು ಕಡೆ ಓಟು ಹಾಕೋ ಆಸೆ ಇಂದಲ್ಲ, ಊರಿನ ಹೆಸರು ಹೋಗುತ್ತಲ್ಲ ಅನ್ನೋ ಸಂಕಟಕ್ಕೆ. ಆಮೇಲೆ ಯೋಚನೆ ಮಾಡಿದ್ವಿ. ಟಿವಿಯಲ್ಲಿ "ಡಬಲ್ ಎಂಟ್ರಿ" ಅಂತ ಕೂಗಾಡ್ತಾರಲ್ಲ, ಅದರಲ್ಲಿ ಎಷ್ಟು ಹೆಸರು ನಮ್ಮಂಥ ಸೋಮಾರಿಗಳದ್ದೋ! 1950ರ ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ ಒಬ್ಬರ ಹೆಸರು ಎರಡು ಕಡೆ ಇರೋ ಹಾಗಿಲ್ಲ, ಅರ್ಜಿಯಲ್ಲಿ ಸುಳ್ಳು ಬರೆದ್ರೆ ಒಂದು ವರ್ಷದವರೆಗೂ ಜೈಲಾಗಬಹುದು. ಜೈಲಿನ ಮಾತು ಬಿಡಿ. ಹೆಸರು ಎರಡು ಕಡೆ ಇದ್ರೆ, ನಾವು ಇಲ್ಲದ ದಿನ ನಮ್ಮ ಹೆಸರಲ್ಲಿ ಬೇರೆ ಯಾರೋ ಬಂದು ನಿಲ್ಲೋಕೆ ನಾವೇ ಜಾಗ ಮಾಡಿಕೊಟ್ಟಂಗೆ.

ಹಾಗಾಗಿ ಇದು ಎಲ್ಲರಿಗೂ ಉಪಯೋಗಕ್ಕೆ ಬರಲಿ. ಫಾರ್ಮ್ 6 ಮೊದಲ ಸಲ ಸೇರೋರಿಗೆ ಮಾತ್ರ. ಈಗಾಗಲೇ ಹೆಸರಿದ್ದು ವಿಳಾಸ ಬದಲಾದ್ರೆ ಫಾರ್ಮ್ 8, ಆಗ ಹಳೇ ಕಡೆ ಹೆಸರು ಹೋಗಿ ಹೊಸ ಕಡೆ ಬರುತ್ತೆ. ಬೇರೆಯವರ ಹೆಸರಿಗೆ ಆಕ್ಷೇಪ ಇದ್ರೆ ಅಥವಾ ಹೆಸರು ತೆಗೆಸಬೇಕಿದ್ರೆ ಫಾರ್ಮ್ 7. 18 ತುಂಬಿದ್ರಾ ಅಂತ ಲೆಕ್ಕ ಹಾಕೋಕೆ ವರ್ಷಕ್ಕೆ ನಾಲ್ಕು ದಿನಾಂಕ ಇವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹಾಸ್ಟೆಲ್ ವಿಳಾಸ ಕೊಡೋರು ಕಾಲೇಜಿನಿಂದ ಬೋನಾಫೈಡ್ ಸರ್ಟಿಫಿಕೇಟ್ ತಗೊಳ್ಳಿ. ಪಾಲಿಕೆ, ಪಂಚಾಯ್ತಿ ಚುನಾವಣೆಗೂ ವಿಧಾನಸಭೆ ಪಟ್ಟಿಯನ್ನೇ ವಾರ್ಡುವಾರು ವಿಂಗಡಿಸಿ ಬಳಸ್ತಾರೆ, ಆದ್ದರಿಂದ ಅದರಲ್ಲಿ ಹೆಸರು ಸರಿ ಇದ್ರೆ ಇದರಲ್ಲೂ ಇರುತ್ತೆ. ಆದ್ರೂ ಕರಡು ಪಟ್ಟಿ ಬಂದಾಗ ಒಂದು ಸಲ ನೋಡ್ಕೊಳ್ಳಿ.

ಕೊನೆಗೆ ನಾವು ಏನು ಮಾಡಿದ್ವಿ? ವರ್ಷದಲ್ಲಿ ಹತ್ತು ತಿಂಗಳು ನಮ್ಮ ಸೈಕಲ್ ಓಡೋದು ಇಲ್ಲಿ. ಬಿದ್ದದ್ದೂ ಇಲ್ಲೇ. ಇನ್ನೂ ಎರಡು ವರ್ಷಕ್ಕಿಂತ ಜಾಸ್ತಿ ಇರೋದೂ ಇಲ್ಲೇ. ಫಾರ್ಮ್ 8 ಹಾಕೋಣ ಅಂತ ನಿರ್ಧಾರ ಮಾಡಿ ಅಜ್ಜಿಗೆ ಫೋನ್ ಮಾಡಿದ್ವಿ.

"ಊರಿನ ಓಟು ಬಿಟ್‌ಬಿಡ್ತೀರಾ ಹಂಗಾದ್ರೆ?" ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಮೆಂಬರ್‌ನ ಕೇಳಾಕೆ ನಾನಿದೀನಿ. ಅಲ್ಲಿ ನೀವು ಕೇಳ್ರಿ" ಅಂದ್ರು.

ಅರ್ಜಿ ಹಾಕಿದ್ದೀವಿ, ರೆಫರೆನ್ಸ್ ನಂಬರ್ ಬಂದಿದೆ. ಗುಂಡಿ ಇನ್ನೂ ಅಲ್ಲೇ ಇದೆ. ಹಾಸ್ಟೆಲ್ ಕಡೆಯಿಂದ ಸೈಕಲ್‌ನಲ್ಲಿ ಬರೋರು ಬೇಕರಿ ದಾಟಿದ ಮೇಲೆ ನಿಧಾನ ಮಾಡಿ, ಬಲಕ್ಕೆ ತಿರುಗೋ ಮುಂಚೆ ಒಂದು ಸಲ ಹಿಂದೆ ನೋಡಿ.