ಒಡೆದು ಕಟ್ಟಿದ ಭೂಮಿ

ಸೂಪರ್‌ಮನ್ ಯಾವ ಪತ್ರಿಕೆಯ ವರದಿಗಾರ ಎಂದು ಕೇಳಿದರೆ ಯಾರಾದರೂ ಡೈಲಿ ಪ್ಲಾನೆಟ್ ಎಂದಾರು. ಆದರೆ 1938ರಲ್ಲಿ ಹುಟ್ಟಿದ ಹೊಸತರಲ್ಲಿ ಕ್ಲಾರ್ಕ್ ಕೆಂಟ್ ಎಂಬ ಹೆಸರಿನಲ್ಲಿ ಅವನು ಕೆಲಸ ಮಾಡುತ್ತಿದ್ದುದು ಡೈಲಿ ಸ್ಟಾರ್‌ನಲ್ಲಿ, ಜಾರ್ಜ್ ಟೇಲರ್ ಎಂಬ ಸಂಪಾದಕನ ಕೈಕೆಳಗೆ. ಒಂದೆರಡು ವರ್ಷದಲ್ಲೇ ಪತ್ರಿಕೆಯ ಹೆಸರು ಬದಲಾಯಿತು, ಸಂಪಾದಕನ ಕುರ್ಚಿಯಲ್ಲಿ ಪೆರಿ ವೈಟ್ ಬಂದು ಕೂತ. ಏಕೆ, ಏನು ಎಂದು ಕಥೆಯೊಳಗೆ ಯಾರೂ ಹೇಳಲಿಲ್ಲ. ಹತ್ತು ಸೆಂಟ್ ಕೊಟ್ಟು ಕೊಂಡು, ಓದಿ ಎಸೆಯುವ ಪುಸ್ತಕಕ್ಕೆ ಅಷ್ಟೆಲ್ಲ ಲೆಕ್ಕ ಯಾರಿಗೆ ಬೇಕಿತ್ತು?

ಹುಡುಗರು ಎಸೆಯಲಿಲ್ಲ, ತೊಂದರೆ ಶುರುವಾದದ್ದು ಅಲ್ಲಿಂದ. ಜೋಡಿಸಿಟ್ಟರು, ತಾಳೆ ನೋಡಿದರು, ಸಂಪಾದಕರಿಗೆ ಪತ್ರ ಬರೆದರು. ಅವರಲ್ಲಿ ಕೆಲವರು ದೊಡ್ಡವರಾಗಿ ಅದೇ ಕಾಮಿಕ್ಸ್ ಬರೆಯಲು ಬಂದರು. ಹೀಗೆ ಪುಸ್ತಕಗಳ ನಡುವೆ ಬೆಳೆದು ಬಂದವನೇ ಮಾರ್ವ್ ವುಲ್ಫ್‌ಮನ್. ಅಮೆರಿಕದ ಡಿಸಿ ಕಾಮಿಕ್ಸ್ ತನ್ನ ಐವತ್ತನೇ ವರ್ಷದಲ್ಲಿ, ಅಂದರೆ 1985ರಲ್ಲಿ, ಅರ್ಧ ಶತಮಾನದ ಅಸಂಗತಿಗಳನ್ನೆಲ್ಲ ಒಂದೇ ಏಟಿಗೆ ಸರಿಪಡಿಸುವ ಕಥೆಯನ್ನು ಬರೆಸಿದ್ದು ಅವನಿಂದ. ಚಿತ್ರ ಜಾರ್ಜ್ ಪೆರೆಸ್‌ದು. ಹೆಸರು ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ಥ್ಸ್’, 12 ಸಂಚಿಕೆ.

ಇಂದ್ರಜಾಲ ಕಾಮಿಕ್ಸ್‌ನಲ್ಲಿ ಕನ್ನಡ ಮಾತಾಡಿದ ಫ್ಯಾಂಟಮ್‌ಗೆ ಈ ತಾಪತ್ರಯ ಇರಲಿಲ್ಲ. ಮುಖವಾಡ ಅಪ್ಪನಿಂದ ಮಗನಿಗೆ ಬರುತ್ತದೆ, ಈಗಿರುವವನು 21ನೆಯವನು ಎಂದು ಲೀ ಫಾಕ್ ಮೊದಲೇ ದಾರಿ ಮಾಡಿಟ್ಟಿದ್ದ. ಡಿಸಿಯ ವೀರರು ಅದೃಷ್ಟಹೀನರು. ಮೊದಲ ಫ್ಲ್ಯಾಶ್ ಆದ ಜೇ ಗ್ಯಾರಿಕ್ 1940ರವನು; ಯುದ್ಧ ಮುಗಿದ ಮೇಲೆ ಮಾರಾಟ ಕುಸಿದು ಮರೆಯಾದ. 1956ರಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಅದೇ ಹೆಸರಿಗೆ ಬ್ಯಾರಿ ಆ್ಯಲನ್ ಎಂಬ ಹೊಸಬನನ್ನು ತಂದ. ಈ ಬ್ಯಾರಿಗೆ ಜೇ ಗ್ಯಾರಿಕ್ ಗೊತ್ತು, ಆದರೆ ಚಿಕ್ಕಂದಿನಲ್ಲಿ ಓದಿದ ಕಾಮಿಕ್ಸ್ ಪಾತ್ರವಾಗಿ ಮಾತ್ರ!

1961ರಲ್ಲಿ ಗಾರ್ಡ್ನರ್ ಫಾಕ್ಸ್ ಬರೆದು ಕಾರ್ಮೈನ್ ಇನ್‌ಫ್ಯಾಂಟಿನೊ ಚಿತ್ರಿಸಿದ ಫ್ಲ್ಯಾಶ್ 123ನೇ ಸಂಚಿಕೆ ಇಬ್ಬರನ್ನೂ ಭೇಟಿ ಮಾಡಿಸಿತು. ಅನಾಥ ಮಕ್ಕಳ ಮುಂದೆ ಹಗ್ಗದ ಜಾದೂ ತೋರಿಸುತ್ತಾ ಬ್ಯಾರಿ ವಿಪರೀತ ವೇಗದಲ್ಲಿ ಕಂಪಿಸುತ್ತಾನೆ, ಇನ್ನೊಂದು ಭೂಮಿಗೆ ಜಾರುತ್ತಾನೆ. ಅಲ್ಲಿ ಜೇ ಗ್ಯಾರಿಕ್ ಹೆಂಡತಿಯೊಡನೆ ನೆಮ್ಮದಿಯಾಗಿ ಬದುಕಿದ್ದಾನೆ. ಹಾಗಾದರೆ ಇಲ್ಲಿ ಅವನ ಕಾಮಿಕ್ಸ್ ಬಂದದ್ದು ಹೇಗೆ? ಗಾರ್ಡ್ನರ್ ಫಾಕ್ಸ್ ಎಂಬ ಬರಹಗಾರನ ಕನಸಿಗೆ ಆ ಲೋಕ ತಾಕುತ್ತಿತ್ತಂತೆ. ತನ್ನ ಹೆಸರನ್ನೇ ಸಾಕ್ಷಿಗೆ ಹಾಕಿಕೊಂಡ ಫಾಕ್ಸ್‌ನ ತುಂಟತನ ಈಗಲೂ ಖುಷಿ ಕೊಡುತ್ತದೆ.

ಬೀಗದ ಕೈ ಸಿಕ್ಕಿದ ಮೇಲೆ ಸುಮ್ಮನಿರುವುದುಂಟೆ? ಹಳಬರದ್ದು ಎರಡನೇ ಭೂಮಿ, ಹೊಸಬರದ್ದು ಒಂದನೇ ಭೂಮಿ ಎಂದಾಯಿತು. ವೀರರೆಲ್ಲ ದುಷ್ಟರಾಗಿರುವ ಮೂರನೇ ಭೂಮಿ ಬಂತು. ನಾಟ್ಸಿಗಳು ಯುದ್ಧ ಗೆದ್ದ ಭೂಮಿ, ನಾವು ಓದುಗರು ಇರುವ ಭೂಮಿ, ಬೇರೆ ಕಂಪನಿಯ ಪಾತ್ರಗಳನ್ನು ಕೊಂಡಾಗ ಅವಕ್ಕೊಂದು ಭೂಮಿ. ಡೈಲಿ ಸ್ಟಾರ್ ಗೊಂದಲವೂ ಬಗೆಹರಿಯಿತು: ಅದು ಎರಡನೇ ಭೂಮಿಯ ಪತ್ರಿಕೆ, ಅಲ್ಲಿ ಕಿವಿಯ ಪಕ್ಕ ನರೆತ, ಸಹವರದಿಗಾರ್ತಿ ಲೋಯಿಸ್‌ಳನ್ನು ಮದುವೆಯಾದ ಇನ್ನೊಬ್ಬ ಸೂಪರ್‌ಮನ್ ಈಗ ಸಂಪಾದಕ. ನನಗೇನೋ ಇದು ಜಾಣ ಏರ್ಪಾಡು ಎಂದೇ ಅನ್ನಿಸುತ್ತದೆ. ಆದರೆ ಹೊಸ ಓದುಗ ಇಷ್ಟೆಲ್ಲ ಕಲಿತು ಒಳಗೆ ಬರಬೇಕು, ಒಂದೇ ಲೋಕದ ಮಾರ್ವೆಲ್‌ನಲ್ಲಿ ಆ ಕಷ್ಟವಿಲ್ಲ ಎಂಬುದು ವುಲ್ಫ್‌ಮನ್ ವಾದ.

ತಯಾರಿಗೆ ವರ್ಷಗಳೇ ಹಿಡಿದವು. ಪೀಟರ್ ಸ್ಯಾಂಡರ್ಸನ್ ಎಂಬ ಸಂಶೋಧಕನಿಗೆ ಡಿಸಿಯ ಹಳೆಯ ಸಂಚಿಕೆಗಳನ್ನೆಲ್ಲ ಓದಿ ಟಿಪ್ಪಣಿ ಮಾಡುವ ಕೆಲಸ ಒಪ್ಪಿಸಿದರು. (ಸಂಬಳ ಪಡೆದು ಕಾಮಿಕ್ಸ್ ಓದುವ ಭಾಗ್ಯ!) ಕಥೆಯ ಎಳೆ ಮಾತ್ರ ಸರಳ. ಆ್ಯಂಟಿ-ಮಾನಿಟರ್ ಎಂಬ ದೈತ್ಯ ಲೋಕಗಳನ್ನು ಒಂದೊಂದಾಗಿ ನುಂಗುತ್ತಾನೆ, ಮಾನಿಟರ್ ಎಂಬುವನು ವೀರರನ್ನೂ ಖಳರನ್ನೂ ಒಟ್ಟುಗೂಡಿಸಿ ತಡೆಯಲು ನೋಡುತ್ತಾನೆ. ಕೊನೆಯಲ್ಲಿ ಉಳಿದ ಐದು ಭೂಮಿಗಳು ಬೆಸೆದು ಒಂದಾಗುತ್ತವೆ, ಮೊದಲಿನಿಂದಲೂ ಇದ್ದದ್ದು ಇದೊಂದೇ ಎಂಬಂತೆ.

ಆದರೆ ಪೆರೆಸ್ ಕೈಗೆ ಬಂದಾಗ ಇದು ಗುಮಾಸ್ತಿಕೆ ಆಗಿ ಉಳಿಯಲಿಲ್ಲ. ಪುಟಕ್ಕೆ ಹತ್ತು ಹದಿನೈದು ಚೌಕ, ಚೌಕದ ತುಂಬ ಜನ, ಒಬ್ಬೊಬ್ಬರ ಉಡುಪೂ ಪಕ್ಕಾ. ಮೊದಲ ಸಂಚಿಕೆಯಲ್ಲಿ ಮೂರನೇ ಭೂಮಿ ಸಾಯುತ್ತದೆ. ಉಳಿದೆಡೆ ಖಳನಾದ ಲೂಥರ್ ಅಲ್ಲಿ ಏಕೈಕ ಸಜ್ಜನ. ಹಸುಗೂಸು ಮಗನನ್ನು ಪುಟ್ಟ ವಾಹನದಲ್ಲಿಟ್ಟು ಬೇರೆ ಲೋಕಕ್ಕೆ ಕಳಿಸುತ್ತಾನೆ. ಸೂಪರ್‌ಮನ್ ಹುಟ್ಟಿನ ಕಥೆಯೇ ಅವನ ವೈರಿಯ ಮನೆಯಲ್ಲಿ ನಡೆಯುತ್ತದೆ. ಏಳನೇ ಸಂಚಿಕೆಯ ಮುಖಪುಟದಲ್ಲಿ ಸೂಪರ್‌ಗರ್ಲ್ ಶವವನ್ನು ಎತ್ತಿ ಹಿಡಿದು ಅಳುವ ಸೂಪರ್‌ಮನ್. ಆ ಚಿತ್ರದ ಭಂಗಿಯನ್ನು ಆಮೇಲೆ ಅನುಕರಿಸದ ಕಲಾವಿದರೇ ಕಡಿಮೆ. ಎಂಟರಲ್ಲಿ ಶತ್ರುವಿನ ಅಸ್ತ್ರದ ಸುತ್ತ ಎದುರು ದಿಕ್ಕಿಗೆ ಓಡಿ ಓಡಿ ಬ್ಯಾರಿ ಆ್ಯಲನ್ ಕರಗಿಹೋಗುತ್ತಾನೆ. ಉಳಿಯುವುದು ಖಾಲಿ ಉಡುಪು. ಓಡುತ್ತಾ ಕಾಲದಲ್ಲಿ ಹಿಂದೆ ಸರಿದದ್ದರಿಂದಲೇ ಎರಡನೇ ಸಂಚಿಕೆಯಲ್ಲಿ ಅವನ ನೆರಳು ಬ್ಯಾಟ್‌ಮನ್ ಮುಂದೆ ಸುಳಿದು ಮಾಯವಾಗಿತ್ತು.

ನನ್ನನ್ನು ಹಿಡಿದು ನಿಲ್ಲಿಸುವುದು ಇವೆರಡಕ್ಕಿಂತ ಹನ್ನೊಂದನೇ ಸಂಚಿಕೆ. ಬೆಸೆದ ಭೂಮಿಯಲ್ಲಿ ಎಚ್ಚರಾದ ಮುದಿ ಸೂಪರ್‌ಮನ್‌ಗೆ ಅವನ ಪತ್ರಿಕೆಯಿಲ್ಲ, ಹೆಂಡತಿಯಿಲ್ಲ, ಅವನೊಬ್ಬ ಇದ್ದ ಎನ್ನುವ ಗುರುತಿಲ್ಲ. ಲೆಕ್ಕ ಸರಿಹೋಯಿತು, ಮನುಷ್ಯನೊಬ್ಬ ಹೆಚ್ಚಾಗಿ ಉಳಿದ.

ಎಲ್ಲ ಮುಗಿದ ಮೇಲೆ ಡಿಸಿಯ ಪತ್ರಿಕೆಗಳೆಲ್ಲ ಒಟ್ಟಿಗೆ ಒಂದನೇ ಸಂಚಿಕೆಯಿಂದ, ಹಿಂದಿನ ನೆನಪಿಲ್ಲದೆ ಶುರುವಾಗಬೇಕು ಎಂಬುದು ವುಲ್ಫ್‌ಮನ್ ಸಲಹೆಯಾಗಿತ್ತು. ಸಂಸ್ಥೆ ಒಪ್ಪಲಿಲ್ಲ. ಜಾನ್ ಬರ್ನ್ 1986ರಲ್ಲಿ ಸೂಪರ್‌ಮನ್‌ನನ್ನು ಹೊಸದಾಗಿ ಬರೆದ, ಮರುವರ್ಷ ಪೆರೆಸ್ ಸ್ವತಃ ವಂಡರ್ ವುಮನ್‌ಳನ್ನು. ಫ್ರ್ಯಾಂಕ್ ಮಿಲ್ಲರ್ ಮತ್ತು ಡೇವಿಡ್ ಮ್ಯಾಜುಕೆಲ್ಲಿ ಬ್ಯಾಟ್‌ಮನ್‌ನ ಮೊದಲ ವರ್ಷವನ್ನು ಕಟ್ಟಿದರು. ಮೂರೂ ಸೊಗಸು. ಆದರೆ ಟೀನ್ ಟೈಟನ್ಸ್‌ನಂಥ ಪತ್ರಿಕೆಗಳು ಏನೂ ಆಗದಂತೆ ಮುಂದುವರಿದವು. ಸೋರುವ ಹೆಂಚು ಬದಲಿಸಲು ಮಾಡು ಹತ್ತಿದವರ ಕಾಲಡಿಗೆ ಬೇರೆ ಹೆಂಚುಗಳು ಒಡೆದವು.

ಡಾನಾ ಟ್ರಾಯ್‌ಳ ಪಾಡು ನೋಡಿ. ಬಾಲ್ಯದ ಕಥೆಗಳಲ್ಲಿ ವಂಡರ್ ವುಮನ್‌ಳಿಗೇ ವಂಡರ್ ಗರ್ಲ್ ಎಂದು ಹೆಸರು. 1965ರಲ್ಲಿ ಬಾಬ್ ಹೇನಿ ಇದನ್ನು ಗಮನಿಸದೆ ವಂಡರ್ ಗರ್ಲ್ ಬೇರೆ ಹುಡುಗಿ ಎಂದುಕೊಂಡು ಟೀನ್ ಟೈಟನ್ಸ್ ಗುಂಪಿಗೆ ಸೇರಿಸಿಬಿಟ್ಟ! ಬೇರೆ ಹುಡುಗಿಯಾದ ಮೇಲೆ ಈ ಡಾನಾಳಿಗೆ ಹುಟ್ಟು ಬೇಕಲ್ಲ? ಬೆಂಕಿ ಬಿದ್ದ ಮನೆಯಿಂದ ವಂಡರ್ ವುಮನ್ ಎತ್ತಿ ತಂದ ಮಗು ಎಂದು 1969ರಲ್ಲಿ ಹೊಲಿಗೆ ಹಾಕಿದವನು ಇದೇ ವುಲ್ಫ್‌ಮನ್. ಈಗ ಹೊಸ ವಂಡರ್ ವುಮನ್ ಮನುಷ್ಯಲೋಕಕ್ಕೆ ಕಾಲಿಡುವುದೇ ತೀರಾ ಈಚೆಗೆ. ಎಂದ ಮೇಲೆ ವರ್ಷಗಳ ಹಿಂದೆ ಮಗುವನ್ನು ಎತ್ತಿದವರು ಯಾರು? ಮತ್ತೆ ವುಲ್ಫ್‌ಮನ್‌ನೇ 1988ರಲ್ಲಿ ಕೂತು ಗ್ರೀಕ್ ಪುರಾಣದ ಟೈಟನ್ನರನ್ನು ಎಳೆತಂದು ಇನ್ನೊಂದು ಹುಟ್ಟು ಬರೆಯಬೇಕಾಯಿತು. ಅವಳ ಹುಟ್ಟನ್ನು ಆಮೇಲೂ ತಿದ್ದಿದ್ದಾರೆ.

ರಾಯ್ ಥಾಮಸ್ ಸ್ಥಿತಿ ಇನ್ನೂ ಕಷ್ಟದ್ದು. ಎರಡನೇ ಭೂಮಿಯ ಯುದ್ಧಕಾಲದ ಕಥೆಗಳನ್ನು ಪ್ರೀತಿಯಿಂದ ಬರೆಯುತ್ತಿದ್ದವನ ಕಾಲ ಕೆಳಗಿನ ನೆಲವೇ ಹೋಯಿತು. 1940ರ ದಶಕದಲ್ಲಿ ಸೂಪರ್‌ಮನ್, ಬ್ಯಾಟ್‌ಮನ್, ವಂಡರ್ ವುಮನ್ ಇರಲೇ ಇಲ್ಲ ಎಂದಾದಾಗ ಅವರ ಜಾಗಕ್ಕೆ ಐರನ್ ಮನ್ರೋ, ಫ್ಲೈಯಿಂಗ್ ಫಾಕ್ಸ್, ಫ್ಯೂರಿ ಎಂಬ ಬದಲಿ ಆಟಗಾರರನ್ನು ಇಳಿಸಿದ.

ದುರಸ್ತಿಗೆ ದುರಸ್ತಿ ಎಂದು 1994ರಲ್ಲಿ ‘ಝೀರೋ ಅವರ್’ ಬಂತು. 2005ರ ‘ಇನ್‌ಫಿನಿಟ್ ಕ್ರೈಸಿಸ್’ನಲ್ಲಂತೂ ಲೋಕದಾಚೆ ಕೂತ ಸೂಪರ್‌ಬಾಯ್ ಒಬ್ಬ ಸಿಟ್ಟಿನಿಂದ ಗೋಡೆಗೆ ಗುದ್ದುತ್ತಾನೆ, ಆ ಗುದ್ದಿಗೆ ವಾಸ್ತವವೇ ಅದುರಿ ಕಥೆಗಳಲ್ಲಿ ವ್ಯತ್ಯಾಸಗಳು ಬಂದವು ಎಂಬ ಸಮಜಾಯಿಷಿ. ಬ್ಯಾಟ್‌ಮನ್‌ನ ಸಹಾಯಕ ರಾಬಿನ್ ಆಗಿದ್ದು ಸತ್ತಿದ್ದ ಜೇಸನ್ ಟಾಡ್ ಎದ್ದು ಬಂದದ್ದೂ ಆ ಗುದ್ದಿನಿಂದಲೇ. ಸೋಮಾರಿತನಕ್ಕೂ ಒಂದು ಅಂದ ಇರಬೇಕು. ಇದರ ಬೆನ್ನಿಗೇ ‘52’ ಎಂಬ ಸರಣಿಯಲ್ಲಿ ಒರೆಸಿದ್ದ ಬಹುಲೋಕಗಳು ವಾಪಸಾದವು.

2011ರಲ್ಲಿ ವುಲ್ಫ್‌ಮನ್ ಬಯಸಿದ್ದನ್ನು ಡಿಸಿ ಕೊನೆಗೂ ಮಾಡಿತು. ‘ನ್ಯೂ 52’ ಹೆಸರಿನಲ್ಲಿ 52 ಪತ್ರಿಕೆಗಳು ಒಂದೇ ತಿಂಗಳು ಒಂದನೇ ಸಂಚಿಕೆಯಿಂದ ಆರಂಭವಾದವು. ಮಹಾವೀರರ ಯುಗಕ್ಕೆ ಈಗಷ್ಟೇ ಐದು ವರ್ಷ ಎಂದು ಸಾರಲಾಯಿತು. ಚೆನ್ನಾಗಿ ಮಾರಾಟವಾಗುತ್ತಿದ್ದ ಬ್ಯಾಟ್‌ಮನ್ ಮತ್ತು ಗ್ರೀನ್ ಲ್ಯಾಂಟರ್ನ್ ಕಥೆಗಳನ್ನು ಮಾತ್ರ ಬಹುಪಾಲು ಇದ್ದಂತೆಯೇ ಬಿಟ್ಟರು. ಹಾಗಾಗಿ ಬ್ಯಾಟ್‌ಮನ್ ವೇಷ ತೊಟ್ಟು ಐದಾರು ವರ್ಷವಾಗಿತ್ತು. ಅಷ್ಟರಲ್ಲೇ ಅವನ ಬಳಿ ನಾಲ್ವರು ರಾಬಿನ್‌ಗಳು ಬಂದುಹೋಗಿದ್ದರು, ನಾಲ್ಕನೆಯವನು ಹತ್ತು ವರ್ಷದ ಅವನ ಸ್ವಂತ ಮಗ.